ನಾನು ಬರೆಯದೆ ಬಿಟ್ಟ ಎಕ್ಸ್‌ಪ್ಲನೇಶನ್

ನನ್ನ ಕುತ್ತಿಗೆಯ ಗಂಟನ್ನು ಮೊದಲು ಕಂಡದ್ದು ಡಾಕ್ಟರಲ್ಲ, ನನ್ನ ಗಂಡನೂ ಅಲ್ಲ, ದಿನಾ ಕನ್ನಡಿ ನೋಡುವ ನಾನಂತೂ ಅಲ್ಲವೇ ಅಲ್ಲ. ಕಂಡವಳು ಪ್ರೇಮ, ಅದೂ ನಾನು ಅವಳಿಗೆ ಬೈಯುತ್ತಿರುವಾಗ.

ಕಾಸರಗೋಡಿನ ಒಂದು ಸರಕಾರಿ ಸಂಶೋಧನಾ ಕೇಂದ್ರದಲ್ಲಿ ನಾನು ವಿಕಿರಣ ಸುರಕ್ಷತಾ ಅಧಿಕಾರಿ. ಬೀಜಗಳಿಗೆ ವಿಕಿರಣ ಹಾಯಿಸಿ ಹೊಸ ತಳಿ ಹುಡುಕುವುದು ಅಲ್ಲಿನ ವಿಜ್ಞಾನಿಗಳ ಕೆಲಸ. ಅದಕ್ಕೆಂದು ಇರುವ ಸೀಸದ ದಪ್ಪ ಕವಚದ ಯಂತ್ರದಿಂದ ಯಾರಿಗೂ ಏನೂ ಆಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆ ಕೋಣೆಗೆ ಹೋಗುವವರೆಲ್ಲ ಎದೆಯ ಮೇಲೆ ಒಂದು ಸಣ್ಣ ಬ್ಯಾಡ್ಜ್ ಸಿಕ್ಕಿಸಿಕೊಳ್ಳಬೇಕು. ಮೈಗೆ ಎಷ್ಟು ವಿಕಿರಣ ತಾಗಿತೆಂಬುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಒಟ್ಟು ಮಾಡಿ ಪರೀಕ್ಷೆಗೆ ಕಳಿಸಿದರೆ, ಒಬ್ಬೊಬ್ಬರ ಹೆಸರಿನ ಎದುರು ಒಂದೊಂದು ಅಂಕೆ ಬರೆದ ರಿಪೋರ್ಟ್ ಬರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬರುವುದು ಸೊನ್ನೆಯೇ. ಬ್ಯಾಡ್ಜ್ ಹಾಕದೆ ಒಳಗೆ ಹೋದವರು ನನಗೆ ಎಕ್ಸ್‌ಪ್ಲನೇಶನ್ ಬರೆದುಕೊಡಬೇಕು. ಈ ಪದ್ಧತಿ ನಾನೇ ತಂದದ್ದು, ಇದಕ್ಕಾಗಿ ನನ್ನನ್ನು ಬೈಯದವರು ಕೇಂದ್ರದಲ್ಲಿ ಇಲ್ಲ.

ಪ್ರೇಮ ಲ್ಯಾಬಿನ ಸಹಾಯಕಿ. ಬೀಜದ ಪೊಟ್ಟಣಗಳನ್ನು ಯಂತ್ರದೊಳಗೆ ಇಡುವವಳು, ತೆಗೆಯುವವಳು ಅವಳು. ಮುಳ್ಳೇರಿಯದ ಕಡೆಯಿಂದ ಎರಡು ಬಸ್ಸು ಹಿಡಿದು ಬರುತ್ತಾಳೆ. ಅವತ್ತು ಬ್ಯಾಡ್ಜನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು, ವರ್ಷದಲ್ಲಿ ಎರಡನೇ ಸಲ. ನಾನು ಎದುರು ನಿಲ್ಲಿಸಿಕೊಂಡು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವಳು ನನ್ನ ಮುಖ ನೋಡದೆ ಕುತ್ತಿಗೆಯನ್ನೇ ನೋಡುತ್ತಿದ್ದಳು.

“ನಾನು ಹೇಳಿದ್ದು ಕೇಳಿತಾ?” ಎಂದೆ.

“ಕೇಳಿತು ಮೇಡಂ. ನೀವು ಮಾತಾಡುವಾಗ ಗಂಟಲಲ್ಲಿ ಎಂತದೋ ಮೇಲೆ ಕೆಳಗೆ ಹೋಗ್ತದೆ. ಬಲದ ಬದಿಯಲ್ಲಿ. ಒಮ್ಮೆ ತೋರಿಸಿ ಆಯ್ತಾ.”

ಮಾತು ತಪ್ಪಿಸಲು ಹೂಡಿದ ಉಪಾಯ ಎಂದುಕೊಂಡು ಎಕ್ಸ್‌ಪ್ಲನೇಶನ್ ಬರೆಸಿಯೇ ಬಿಟ್ಟೆ. ಆಮೇಲೆ ಬಾತ್‌ರೂಮಿಗೆ ಹೋಗಿ ಕುತ್ತಿಗೆ ಮುಟ್ಟಿ ನೋಡಿದೆ. ಗಂಟು ಇತ್ತು.

ನಮ್ಮ ಮನೆ ಮಂಜೇಶ್ವರದಲ್ಲಿ. ನಮಗೆ ನೆಗಡಿಯಾದರೂ ಮಂಗಳೂರು, ದೊಡ್ಡದಾದರೆ ಹೇಳುವುದೇ ಬೇಡ. ಗಂಡ ರೋನಿ ಶಾಲೆಗೆ ರಜೆ ಹಾಕಿ ಜೊತೆಗೆ ಬಂದ. ಅವನು ಇಲ್ಲೇ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟ್ರು, ನನ್ನ ಲೆಕ್ಕದಲ್ಲಿ ಅತಿಯಾದ ಸಮಾಧಾನದ ಮನುಷ್ಯ. ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಾಗ ಅವನು ಪೇಪರಿನ ಸಂಪಾದಕೀಯ ಓದುತ್ತಿದ್ದ, ನಾನು ಕಾರಿಡಾರಿನ ಉದ್ದ ಅಳೆಯುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟೋಕನ್ ನಂಬರ್ ಕರೆಯುವ ಹುಡುಗಿಯ ಬಳಿ ಮೂರು ಸಲ ಹೋಗಿ ಕೇಳಿದೆ, ನಾಲ್ಕನೇ ಸಲ ಅವಳೇ ನನ್ನನ್ನು ನೋಡಿ ತಲೆ ಆಡಿಸಿದಳು.

ಡಾಕ್ಟರು ಥೈರಾಯ್ಡ್ ಕ್ಯಾನ್ಸರ್ ಎಂದರು. ಆಪರೇಷನ್ ಮಾಡಿ ಗ್ರಂಥಿ ತೆಗೆಯುವುದು, ಆಮೇಲೆ ವಿಕಿರಣವಿರುವ ಅಯೊಡಿನ್ ಕೊಡುವುದು, ಗುಣವಾಗುವ ಜಾತಿಯದು, ಹೆದರಬೇಡಿ ಎಂದರು. ನಾನು ಹೂಂ ಹೂಂ ಎನ್ನುತ್ತಿದ್ದೆ. ಆಗ ಅವರು ಬರೆಯುತ್ತ ಬರೆಯುತ್ತ ಕೇಳಿದರು, “ಈ ಮೊದಲು ರೇಡಿಯೇಶನ್ ಏನಾದರೂ ತಗುಲಿದ್ದುಂಟಾ?”

“ಇಲ್ಲ,” ಎಂದೆ. “ಹನ್ನೊಂದು ವರ್ಷದ ರೆಕಾರ್ಡ್ ಉಂಟು. ಎಲ್ಲ ಸೊನ್ನೆ.”

ರೋನಿ ಹೆಮ್ಮೆಯಿಂದ ನನ್ನತ್ತ ನೋಡಿದ. ಡಾಕ್ಟರು ಬರೆದುಕೊಂಡರು. ಲಿಫ್ಟಿನಲ್ಲಿ ಇಳಿಯುವಾಗ ನನ್ನ ತಲೆಯಲ್ಲಿದ್ದದ್ದು ಕ್ಯಾನ್ಸರ್ ಎಂಬ ಮಾತಲ್ಲ, ಆ ಸೊನ್ನೆ.

ನಾಲ್ಕು ವರ್ಷದ ಹಿಂದೆ ನಮ್ಮ ಯಂತ್ರದೊಳಗಿನ ಹಳೆಯ ವಿಕಿರಣ ಮೂಲ ತೆಗೆದು ಹೊಸದು ಹಾಕಿದ್ದರು. ಹೊರಗಿನ ಎಂಜಿನಿಯರುಗಳು ಬಂದಿದ್ದರು. ಕೈಯಲ್ಲಿ ಮೀಟರ್ ಹಿಡಿದು ಮೂರು ವಾರ ಬೆಳಗಿನಿಂದ ಸಂಜೆಯವರೆಗೆ ಅವರ ಜೊತೆ ನಿಂತವಳು ನಾನು. ಮೊದಲ ದಿನವೇ ನನ್ನ ಬ್ಯಾಡ್ಜಿನ ಕ್ಲಿಪ್ಪು ಮುರಿಯಿತು. ಮಧ್ಯಾಹ್ನ ದಾರ ಕಟ್ಟೋಣ ಎಂದುಕೊಂಡು ಮೇಜಿನ ಡ್ರಾವರಿನಲ್ಲಿ ಹಾಕಿದೆ. ಮತ್ತೆ ಅದರ ನೆನಪಾದದ್ದು ಎಂಜಿನಿಯರುಗಳು ಊರಿಗೆ ಹೋದ ಮೇಲೆ. ಆಗಲೇ ಬರೆದಿಡಬಹುದಿತ್ತು. ಆದರೆ ಇಡೀ ಕೇಂದ್ರಕ್ಕೆ ಎಕ್ಸ್‌ಪ್ಲನೇಶನ್ ಬರೆಸುವವಳು ತನ್ನದನ್ನು ಬರೆದು ಡೈರೆಕ್ಟರ ಮೇಜಿಗೆ ಇಡುವುದೆಂದರೆ ಕ್ಯಾಂಟೀನಿನವರೆಗೂ ನಗೆಪಾಟಲು. ಸುಮ್ಮನಿದ್ದೆ. ಡ್ರಾವರಿನಲ್ಲಿ ಮಲಗಿದ್ದ ಬ್ಯಾಡ್ಜಿಗೆ ಸೊನ್ನೆ ಬಂತು, ನಾನು ಸಹಿ ಹಾಕಿ ಫೈಲ್ ಮಾಡಿದೆ.

ಮೀಟರಿನಲ್ಲಿ ಆ ದಿನಗಳಲ್ಲಿ ಕಂಡದ್ದೆಲ್ಲ ಸಣ್ಣ ಅಂಕೆಗಳು. ಹೆಚ್ಚೇನೂ ತಾಗಿರಲಾರದೆಂದು ಲೆಕ್ಕ ಹಾಕಿ ತೋರಿಸಬಲ್ಲೆ. ಈ ಕಾಯಿಲೆ ಜೀವಮಾನದಲ್ಲಿ ಇಂಥ ಯಂತ್ರವನ್ನು ನೋಡದವರಿಗೂ ಬರುತ್ತದೆಂದು ಚೆನ್ನಾಗಿ ಗೊತ್ತು. ಆದರೂ ಆ ಮೂರು ವಾರ ನನ್ನ ತಲೆಯಿಂದ ಇಳಿಯಲಿಲ್ಲ. ಆಪರೇಷನ್ನಿನ ಹಿಂದಿನ ದಿನ ನನಗೆ ಸಾವಿನ ಹೆದರಿಕೆ ಇದ್ದದ್ದು ಅರ್ಧ, ಉಳಿದರ್ಧ ಆ ಡ್ರಾವರಿನದು. ಇದನ್ನು ಓದುವವರಿಗೆ ವಿಚಿತ್ರವೆನಿಸಬಹುದು. ಕಾಯಿಲೆ ಬಿದ್ದವರು ರಾತ್ರಿ ಹಗಲು ತಮ್ಮ ತಪ್ಪನ್ನೇ ಹುಡುಕುತ್ತಿರುತ್ತಾರೆ, ನನಗೆ ಹುಡುಕುವ ಕಷ್ಟವಿರಲಿಲ್ಲ ಅಷ್ಟೆ.

ಆಪರೇಷನ್ ಆಯಿತು. ಮೂರು ದಿನ ಬೆರಳ ತುದಿ, ತುಟಿ ಜುಮ್ಮೆನ್ನುತ್ತಿದ್ದವು, ಕ್ಯಾಲ್ಸಿಯಂ ಕೊಟ್ಟು ಸರಿಮಾಡಿದರು. ದನಿ ಒಡೆದಿತ್ತು. ಇನ್ನು ಬೈಯಲಿಕ್ಕೆ ಆಗುವುದಿಲ್ಲವೇನೋ ಎಂದು ರೋನಿ ತಮಾಷೆ ಮಾಡಿದ, ಮಾಡಿ ತಾನೇ ಕಣ್ಣೊರೆಸಿಕೊಂಡ. ಸಮಾಧಾನದ ಮನುಷ್ಯ ಅಳುವುದನ್ನು ಅವತ್ತೇ ನಾನು ನೋಡಿದ್ದು.

ಅಯೊಡಿನ್ ಕೊಡುವ ಮೊದಲು ಕೆಲವು ವಾರ ಊಟದಲ್ಲಿ ಅಯೊಡಿನ್ ಇಲ್ಲದ ಪಥ್ಯ. ಅಂಗಡಿಯ ಉಪ್ಪಿಲ್ಲ, ಮೀನಿಲ್ಲ, ಹಾಲು ಮೊಸರಿಲ್ಲ. ಮಂಜೇಶ್ವರದ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಮೀನಿಲ್ಲದ ಊಟವೆಂದರೆ ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಕೂಡ ಗೊಣಗಾಟ ಇರುತ್ತದೆ. ಅತ್ತೆಯನ್ನು ನಾವೆಲ್ಲ ಮಾಂಯ್ ಎನ್ನುತ್ತೇವೆ. ಮಾಂಯ್ ಅಯೊಡಿನ್ ಸೇರಿಸದ ಉಪ್ಪಿಗಾಗಿ ರೋನಿಯನ್ನು ನಾಲ್ಕು ಅಂಗಡಿ ಸುತ್ತಿಸಿದರು, ನನ್ನ ಅನ್ನಕ್ಕೆ ಬೇರೆ ಪಾತ್ರೆ ಇಟ್ಟರು. ಹೊತ್ತು ಹೊತ್ತಿಗೆ ಒಂದೇ ಮಾತು.

“ಆ ಕೆಲಸ ಬಿಡು ಅಂತ ಮೊದಲೇ ಹೇಳಿದ್ದೆ. ಕಣ್ಣಿಗೆ ಕಾಣದ್ದರ ಹತ್ತಿರ ಹೋಗಬಾರದು.”

“ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಮಾಂಯ್,” ಎನ್ನುತ್ತಿದ್ದೆ. ಎನ್ನುವಾಗೆಲ್ಲ ಒಡೆದ ದನಿ ಇನ್ನೂ ಒಡೆಯುತ್ತಿತ್ತು. ಒಂದು ವಾರ ಕಳೆದ ಮೇಲೆ ಗಮನಿಸಿದೆ, ಮನೆಗೆ ಮೀನೇ ಬರುತ್ತಿರಲಿಲ್ಲ. ಎಂಟು ವರ್ಷದ ಮಗಳು ರಿಯಾ ಕೇಳಿದ್ದಕ್ಕೆ ಮಾಂಯ್, ದೋಣಿಯವರು ಕಡಲಿಗೆ ಇಳಿಯುತ್ತಿಲ್ಲ ಎಂದು ಸುಳ್ಳು ಹೇಳಿದ್ದರಂತೆ. ನನ್ನೆದುರು ಮೀನಿನ ಪರಿಮಳ ಬರಬಾರದೆಂದು. ಈ ಮುದುಕಿಯ ಜೊತೆ ನಾನು ಹತ್ತು ವರ್ಷ ಜಗಳವಾಡಿದ್ದೇನೆ, ಇನ್ನೂ ಆಡುತ್ತೇನೆ, ಆದರೆ ಆ ಸುಳ್ಳಿಗಾಗಿ ಅವರ ಎಷ್ಟು ಮಾತುಗಳನ್ನು ಬೇಕಾದರೂ ಕೇಳಬಲ್ಲೆ.

ತೆಗೆದ ಗ್ರಂಥಿಯ ಬದಲಿಗೆ ದಿನಾ ನುಂಗಬೇಕಾದ ಗುಳಿಗೆಯನ್ನೂ ಅಯೊಡಿನ್ ಕೊಡುವವರೆಗೆ ನಿಲ್ಲಿಸಿದ್ದ ವಾರಗಳವು. ಮೈ ಒದ್ದೆ ಗೋಣಿಚೀಲದ ಹಾಗೆ ಭಾರ, ಮೇ ತಿಂಗಳ ಸೆಕೆಯಲ್ಲೂ ಚಳಿ. ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅದೇ ಸ್ಥಿತಿಯಲ್ಲಿ ಆಸ್ಪತ್ರೆಯ ಆ ವಿಭಾಗದ ಹೊರಗೆ ಕೂತೆ. ಬಾಗಿಲಿನ ಮೇಲೆ ಹಳದಿ ಬಣ್ಣದ, ಮೂರು ರೆಕ್ಕೆಯ ಎಚ್ಚರಿಕೆಯ ಚಿಹ್ನೆ. ಎಷ್ಟು ಬಾಗಿಲಿಗೆ ನಾನೇ ಅದನ್ನು ಅಂಟಿಸಿದ್ದೇನೋ ಲೆಕ್ಕವಿಲ್ಲ, ಬಾಗಿಲ ಈಚೆ ಕೂತು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಉಪ್ಪಳದ ಒಬ್ಬ ಬ್ಯಾರಿ ಹೆಂಗಸು, ತಂಗಿಯನ್ನು ಕರೆತಂದವರು, ಅದನ್ನೇ ನೋಡುತ್ತಿದ್ದರು.

“ಅದೆಂತ ಮಗಳೇ, ಫ್ಯಾನಿನ ಹಾಗೆ?”

ನಾನು ವಿವರಿಸಿದೆ. ಹನ್ನೊಂದು ವರ್ಷದಿಂದ ಹೇಳಿ ಬಾಯಿಪಾಠವಾದದ್ದು. ನಿಯಮ ಪಾಲಿಸಿದರೆ ಹೆದರಲಿಕ್ಕೆ ಎಂತದ್ದೂ ಇಲ್ಲ ಎಂದು ಮುಗಿಸಿದೆ.

“ಮತ್ತೆ ನಿನ್ನ ಕೈ ಯಾಕೆ ನಡುಗುವುದು?” ಎಂದರು ಅವರು. ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಕೂತರು. ನನ್ನ ಹೆಸರು ಕರೆಯುವವರೆಗೆ ಬಿಡಲಿಲ್ಲ. ಅವರ ಹೆಸರು ಕೇಳಲು ಕೂಡ ನನಗೆ ಹೊಳೆಯಲಿಲ್ಲ.

ಮದ್ದು ಕುಡಿಸಿದ ಮೇಲೆ ಮೈಯಿಂದಲೇ ವಿಕಿರಣ ಹೊರಡುವುದರಿಂದ ಮೂರು ದಿನ ಒಂದು ಕೋಣೆಯಲ್ಲಿ ಒಬ್ಬಳೇ. ಬಾಗಿಲ ಹಿಡಿಗೆ, ಫೋನಿಗೆ, ಎಲ್ಲದಕ್ಕೂ ಪ್ಲಾಸ್ಟಿಕ್ ಸುತ್ತಿದ್ದರು. ಊಟ ಹೊಸ್ತಿಲ ಬಳಿ ಇಟ್ಟು ಹೋಗುತ್ತಿದ್ದರು. ನೀರು ಕುಡಿಯಬೇಕು, ಹುಳಿ ಮಿಠಾಯಿ ಚೀಪಬೇಕು, ಎರಡೆರಡು ಸಲ ಫ್ಲಶ್ ಮಾಡಬೇಕು. ದಿನಕ್ಕೊಮ್ಮೆ ಟೆಕ್ನೀಶಿಯನ್ ಬಂದು ದೂರದಿಂದ ಮೀಟರ್ ಹಿಡಿಯುತ್ತಿದ್ದ. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಬ್ಯಾಟರಿ ಚೆಕ್ ಮಾಡಿದಿರಾ, ದೂರ ಸರಿ ಉಂಟಾ, ಮೀಟರಿನ ಸರ್ಟಿಫಿಕೇಟ್ ಯಾವಾಗಿನದು ಎಂದು ಮೊದಲ ದಿನವೇ ಕೇಳಿದೆ.

“ಮೇಡಂ, ಇಲ್ಲಿ ನೀವು ಪೇಶಂಟ್,” ಎಂದ ಅವನು. ಕೋಪವೇನೂ ಇರಲಿಲ್ಲ. ಬಗ್ಗಿ ನೋಡಿದಾಗ ಅವನ ಎದೆಯ ಮೇಲೆ ಬ್ಯಾಡ್ಜ್ ನೇರವಾಗಿ ಕೂತಿತ್ತು. ಅವನು ಹೋದ ಮೇಲೆ ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದೆ. ಒಂಬತ್ತು ಹೆಜ್ಜೆ. ಅಂಕೆ ಬರೆಯದೆ ಬಿಟ್ಟವಳ ಮೈಯನ್ನೇ ಈಗ ದಿನವೂ ಅಳೆದು ಬರೆದಿಡುತ್ತಿದ್ದರು, ನಾಚಿಕೆಯಾಯಿತು.

ಮನೆಗೆ ಬಂದ ಮೇಲೂ ಎರಡು ವಾರ ಬೇರೆ ಕೋಣೆ. ಮಗಳು ಹತ್ತಿರ ಬರುವಂತಿರಲಿಲ್ಲ. ಅವಳು ಎಲ್ಲಿಯವರೆಗೆ ಬರಬಹುದೆಂದು ರೋನಿ ಜಗಲಿಯಲ್ಲಿ ಚಾಕಿನಿಂದ ಗೆರೆ ಎಳೆದ. ರಿಯಾ ಅದರಾಚೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು, ನಾನು ಕೋಣೆಯೊಳಗಿಂದ ಮಗ್ಗಿ ಕೇಳುತ್ತಿದ್ದೆ. ಒಂದು ದಿನ ಅವಳು ಟೇಪು ತಂದು ಅಳೆದು, ಪಪ್ಪ ಗೆರೆಯನ್ನು ಒಂದು ಗೇಣು ದೂರ ಹಾಕಿದ್ದಾರೆ, ಅಷ್ಟು ಮುಂದೆ ಬರುವ ಹಕ್ಕು ತನಗೆ ಉಂಟು ಎಂದು ವಾದಿಸಿದಳು. ಗುಣ ನನ್ನದೇ. ಗೆರೆ ಅಳಿಸಿ ಹೊಸದು ಎಳೆಸಿಕೊಂಡು ಆ ಒಂದು ಗೇಣು ಮುಂದೆ ಬಂದು ಕೂತಳು.

ಆ ದಿನಗಳಲ್ಲೇ ಡೈರೆಕ್ಟರ ಫೋನ್ ಬಂತು. ಒಳ್ಳೆಯ ಮನುಷ್ಯ, ಆರೋಗ್ಯ ವಿಚಾರಿಸಿದರು. ಆಮೇಲೆ ವಿಷಯಕ್ಕೆ ಬಂದರು. ಸುರಕ್ಷತಾ ಅಧಿಕಾರಿಗೇ ಹೀಗಾಯಿತೆಂದು ಕೇಂದ್ರದಲ್ಲಿ ಗುಸುಗುಸು. ಯಾರೂ ಆ ಕೋಣೆಗೆ ಮನಸ್ಸಿನಿಂದ ಹೋಗುತ್ತಿಲ್ಲ. ಪ್ರೇಮ ಎರಡು ವಾರದಿಂದ ಕೆಲಸಕ್ಕೇ ಬಂದಿಲ್ಲ, ಗಂಡ ಕಳಿಸುತ್ತಿಲ್ಲವಂತೆ. ಹೀಗೇ ಆದರೆ ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ. ಕಾಯಿಲೆಗೂ ಕೆಲಸಕ್ಕೂ ಸಂಬಂಧವಿಲ್ಲ, ನಿಮ್ಮ ರೆಕಾರ್ಡೆಲ್ಲ ಸೊನ್ನೆ ಎಂದು ನೀವೇ ನಾಲ್ಕು ಸಾಲು ಬರೆದುಕೊಟ್ಟರೆ ನೋಟಿಸ್ ಬೋರ್ಡಿಗೆ ಹಾಕುತ್ತೇನೆ ಎಂದರು.

“ಆಯ್ತು ಸಾರ್,” ಎಂದೆ. ಕಾಗದ ತೆಗೆದು ಬರೆಯಲು ಕೂತೆ. ಸಂಬಂಧವಿಲ್ಲ ಎಂಬಲ್ಲಿಯವರೆಗೆ ಹೇಗೋ ಬಂದೆ. ರೆಕಾರ್ಡ್ ಎಂಬ ಶಬ್ದದ ಮುಂದೆ ಪೆನ್ನು ಹೋಗಲಿಲ್ಲ. ಆ ಕಾಗದ ಹರಿದೆ, ಇನ್ನೊಂದು ತೆಗೆದೆ, ಅದನ್ನೂ ಹರಿದೆ. ಅಷ್ಟರಲ್ಲಿ ಗುಳಿಗೆ ಮತ್ತೆ ಶುರುವಾಗಿತ್ತು, ಸ್ವಲ್ಪ ಹೆಚ್ಚಿನ ಪ್ರಮಾಣದಲ್ಲೇ. ಎದೆ ಡವಡವ, ಕಾಲು ನಿಂತಲ್ಲಿ ನಿಲ್ಲದು. ಗುಳಿಗೆಯ ಚಡಪಡಿಕೆ ಎಷ್ಟು, ನನ್ನದು ಎಷ್ಟು ಎಂದು ಬೇರೆ ಮಾಡಲು ನನಗೆ ಆಗಲಿಲ್ಲ.

ರೋನಿಗೆ ಹೇಳಿದೆ. ಕಿಟಕಿಯ ಈಚೆ ನಾನು, ಅಂಗಳದಲ್ಲಿ ಅವನು. ಡ್ರಾವರ್, ಕ್ಲಿಪ್ಪು, ಮೂರು ವಾರ, ಎಲ್ಲ.

“ಇದು ಯಾರಿಗೆ ಗೊತ್ತುಂಟು?”

“ಈಗ ನಿನಗೆ.”

“ಬರೆದು ಕೊಡು, ಸುಮ್ಮನಿರು. ಅಂಕೆ ಸಣ್ಣದೇ ಅಂತ ನೀನೇ ಹೇಳ್ತೀಯಲ್ಲ. ಇನ್ನು ಇದನ್ನೆಲ್ಲ ಎಬ್ಬಿಸಿ ಯಾರಿಗೆ ಎಂತ ಲಾಭ?”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎರಡು ವಾರ ಮುಗಿಯುವವರೆಗೂ ನಾನು ಬರೆಯಲಿಲ್ಲ, ಬರೆಯುವುದಿಲ್ಲ ಎಂದೂ ಹೇಳಲಿಲ್ಲ. ಡೈರೆಕ್ಟರ ಎರಡು ಫೋನುಗಳನ್ನು ಎತ್ತಲಿಲ್ಲ.

ಎರಡು ವಾರ ಮುಗಿದು ಜಗಲಿಯ ಗೆರೆ ಅಳಿಸಿದ ಮಾರನೆಯ ದಿನ ಪ್ರೇಮ ಮನೆಗೆ ಬಂದಳು. ಮುಳ್ಳೇರಿಯದಿಂದ ಮಂಜೇಶ್ವರಕ್ಕೆ ಬಸ್ಸು ಬದಲಿಸಿ ಬದಲಿಸಿ, ಒಂದು ಗೊನೆ ಕದಳಿ ಬಾಳೆಹಣ್ಣು ಹೊತ್ತುಕೊಂಡು. ಮಾಂಯ್ ಚಹಾ ಕೊಟ್ಟರು. ಅವಳು ಗ್ಲಾಸು ಹಿಡಿದು ನನ್ನ ಕುತ್ತಿಗೆಯ ಗಾಯದ ಗುರುತನ್ನು ನೋಡಿದಳು.

“ಈಗ ಎಂತದ್ದೂ ಮೇಲೆ ಕೆಳಗೆ ಹೋಗುವುದಿಲ್ಲ,” ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಗ್ಲಾಸು ಕೆಳಗಿಟ್ಟಳು.

“ಮೇಡಂ, ನಮ್ಮವರು ಬೇಡ ಅಂತಾರೆ. ಡೈರೆಕ್ಟರ್ ಸೋಮವಾರದ ಒಳಗೆ ಹೇಳು ಅಂತಾರೆ. ನನಗೆ ಈ ಕೆಲಸ ಬೇಕು. ನಿಮಗೆ ಇದು ಅಲ್ಲಿಂದಲೇ ಬಂದದ್ದಾ? ನೀವು ಹೇಳಿದ್ದನ್ನು ನಾನು ನಂಬ್ತೇನೆ. ನೀವು ಹೂಂ ಅಂದ್ರೆ ಬಿಡ್ತೇನೆ, ಇಲ್ಲ ಅಂದ್ರೆ ನಾಳೆಯೇ ಬರ್ತೇನೆ.”

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು. ವಿಜ್ಞಾನವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಆದರೆ ನೀವು ಹೇಳಿದ್ದನ್ನು ನಂಬುತ್ತೇನೆ ಎಂದು ಎದುರು ಕೂತವಳಿಗೆ, ಡ್ರಾವರಿನ ಸೊನ್ನೆಯ ಮೇಲೆ ನಿಂತು ಹೇಳಲು ನನ್ನಿಂದಾಗಲಿಲ್ಲ. ಆ ಕೋಣೆಯಲ್ಲಿ ನಿನಗೆ ಅಪಾಯವಿಲ್ಲ ಎಂದು ನನಗೆ ಖಾತ್ರಿ ಉಂಟು ಎಂದೆ. ನನ್ನದು ಎಲ್ಲಿಂದ ಬಂತೆಂದು ಯಾರೂ ಹೇಳಲಾರರು ಎಂದೆ. ಆಮೇಲೆ ಮೂರು ವಾರದ ಕಥೆ ಹೇಳಿದೆ.

ಅವಳ ಮುಖ ಕೆಂಪಾಯಿತು. ಕಾಯಿಲೆಯ ಭಯದಿಂದ ಎಂದುಕೊಂಡೆ. ಅಲ್ಲ.

“ನನ್ನ ಹತ್ರ ಎರಡು ಸರ್ತಿ ಬರೆಸಿದ್ರಿ,” ಎಂದಳು. “ಎರಡನೇ ಸರ್ತಿ ಅತ್ತೆಗೆ ಹುಷಾರಿಲ್ಲ, ಗಡಿಬಿಡಿಯಲ್ಲಿ ಬಿಟ್ಟುಹೋಯ್ತು ಅಂತ ಹೇಳಿದೆ. ಅದು ಕಾರಣ ಅಲ್ಲ, ಪುನಃ ಬರಿ ಅಂದ್ರಿ. ಎಲ್ಲರ ಎದುರು.”

ಒಳಗೆ ಮಾಂಯ್ ಪಾತ್ರೆಯ ಸದ್ದು ನಿಲ್ಲಿಸಿದ್ದರು. ಪ್ರೇಮ ಎದ್ದು ಹೋಗುತ್ತಾಳೆಂದೇ ಭಾವಿಸಿದೆ. ಅವಳು ಮೇಜಿನ ಮೇಲಿದ್ದ ರಿಯಾಳ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ನನ್ನ ಮುಂದೆ ಇಟ್ಟಳು.

“ಬರೀರಿ.”

ಬರೆದೆ. ಕ್ಲಿಪ್ಪು ಮುರಿದದ್ದರಿಂದ ಬ್ಯಾಡ್ಜನ್ನು ಮೇಜಿನ ಡ್ರಾವರಿನಲ್ಲಿ ಇಟ್ಟಿದ್ದು ಕೆಲಸದ ಒತ್ತಡದಲ್ಲಿ ಮರೆತುಹೋಯಿತು ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅವಳು ಓದಿದಳು. ಶಬ್ದ ಶಬ್ದ ಬಿಡಿಸಿ ಓದಿದಳು, ನಾನು ಅವರೆಲ್ಲರದನ್ನು ಓದುವ ಹಾಗೆ. ಓದಿ ಹಿಂದಕ್ಕೆ ಕೊಟ್ಟಳು.

“ಇದು ಮೂರು ವಾರದ ಕಾರಣ. ನಾಲ್ಕು ವರ್ಷ ಯಾಕೆ ಹೇಳಲಿಲ್ಲ ಅಂತ ಇಲ್ಲ.”

ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ನಗೆಪಾಟಲಾಗುತ್ತೇನೆಂದು ಹೆದರಿ ಮುಚ್ಚಿಟ್ಟೆ. ಅದನ್ನು ಬರೆಯುವಾಗ ಅಳು ಬಂತು, ತಡೆಯಲಿಲ್ಲ. ಆಪರೇಷನ್ನಿಗೂ ಅತ್ತಿರಲಿಲ್ಲ ನಾನು. ಪ್ರೇಮ ಸಮಾಧಾನ ಮಾಡಲಿಲ್ಲ, ಹೋಗಲೂ ಇಲ್ಲ, ತಣ್ಣಗಾದ ಚಹಾ ಕುಡಿದು ಮುಗಿಸಿ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಕಾಗದವನ್ನು ಡೈರೆಕ್ಟರಿಗೆ ಕಳಿಸಿದೆ. ಬೋರ್ಡಿಗೆ ಹಾಕುವ ನಾಲ್ಕು ಸಾಲನ್ನು ಅವರು ಮತ್ತೆ ಕೇಳಲಿಲ್ಲ. ವಿಚಾರಣೆ ಆಯಿತು, ಮೀಟರಿನ ಹಳೆಯ ಪುಸ್ತಕಗಳನ್ನೆಲ್ಲ ತೆಗೆಸಿ ನೋಡಿದರು, ತಾಗಿದ್ದರೂ ಮಿತಿಯೊಳಗೇ ಎಂದು ಬರೆದರು. ನನಗೊಂದು ಮೆಮೊ ಬಂತು. ಕ್ಯಾಂಟೀನಿನಲ್ಲಿ ಕೆಲವು ದಿನ ನಕ್ಕರು, ಹೆದರಿದ್ದಷ್ಟೇನೂ ಇರಲಿಲ್ಲ. ನನ್ನ ಕಾಯಿಲೆ ಎಲ್ಲಿಂದ ಬಂತೆಂಬುದು ಈಗಲೂ ಗೊತ್ತಿಲ್ಲ. ಸ್ಕ್ಯಾನ್ ಎರಡು ಸಲ ಸ್ವಚ್ಛ ಬಂದಿದೆ. ಮುಂದಿನದು ಹತ್ತಿರ ಬಂದಂತೆ ಮತ್ತೆ ಕಾರಿಡಾರು ಅಳೆಯುತ್ತೇನೆ. ಹೀಗೆ ಅಳೆಯುವವರು ಬೇರೆ ಯಾರಾದರೂ ಇದ್ದರೆ, ಕೂತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಜೊತೆಗೆ ನಡೆಯಬಹುದು.

ಪ್ರೇಮ ಆ ಸೋಮವಾರ ಬರಲಿಲ್ಲ, ಮಂಗಳವಾರ ಬಂದಳು. ಗಂಡನಿಗೆ ಏನು ಹೇಳಿದಳೋ ನನಗೆ ಹೇಳಲಿಲ್ಲ. ನಾನು ಕೆಲಸಕ್ಕೆ ಮರಳಿದ ಮೇಲೆ ಬಂದ ಮೊದಲ ರಿಪೋರ್ಟಿನ ಲಕೋಟೆಯನ್ನು ನಾನು ಒಡೆಯುವ ಮೊದಲೇ ಅವಳು ಬಂದು ಕೈ ಚಾಚಿದಳು. ಈಗ ಅದೇ ಪದ್ಧತಿಯಾಗಿದೆ. ಮೂರು ತಿಂಗಳಿಗೊಮ್ಮೆ ನನ್ನ ಮೇಜಿನ ಎದುರು ನಿಂತು ಮೊದಲು ನನ್ನ ಹೆಸರಿನ ಎದುರಿನ ಅಂಕೆಯನ್ನು ಓದುತ್ತಾಳೆ. “ಹಾಕಿದ್ರಲ್ಲ?” ಎಂದು ಕೇಳುತ್ತಾಳೆ. ಹಾಕಿದ್ದೆ ಎನ್ನುತ್ತೇನೆ. ನನ್ನ ಮುಖವನ್ನು ಒಮ್ಮೆ ನೋಡಿ, ಆಮೇಲೆ ತನ್ನ ಹೆಸರು ಹುಡುಕುತ್ತಾಳೆ.